ಪಿಡುಗಿನ ದಿನಗಳಲ್ಲಿ ಪಾಠಶಾಲೆ

ಊರಿಗೆ ಅಂಟುಜಾಡ್ಯ ಬಂದಿತೆಂದರೆ ಮೊದಲು ಮುಚ್ಚುವ ಬಾಗಿಲು ಶಾಲೆಯದು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಲವತ್ತು ಐವತ್ತು ಮಂದಿ ಒಂದೇ ಕೋಣೆಯಲ್ಲಿ, ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಗಲುವಂತೆ, ದಿನಕ್ಕೆ ಐದಾರು ಗಂಟೆ ಕುಳಿತಿರುವ ಸ್ಥಳಗಳು ಬೇರೆ ಎಷ್ಟಿವೆ? 1918ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಇನ್‌ಫ್ಲುಯೆಂಜಾ ಜ್ವರವು ಅಮೆರಿಕದ ನಗರಗಳನ್ನು ಒಂದಾದ ಮೇಲೊಂದರಂತೆ ಹಿಡಿದಾಗ ಬಾಸ್ಟನ್, ಫಿಲಡೆಲ್ಫಿಯಾ ಮೊದಲಾದ ಊರುಗಳು ಶಾಲೆಗಳಿಗೆ ಬೀಗ ಹಾಕಿದುವು. ನ್ಯೂಯಾರ್ಕ್ ಹಾಕಲಿಲ್ಲ. ಅಲ್ಲಿ ಹತ್ತು ಲಕ್ಷದಷ್ಟು ಮಕ್ಕಳಿಗೆ ಶಾಲೆಯ ಬಾಗಿಲು ಎಂದಿನಂತೆ ತೆರೆದೇ ಇದ್ದಿತು. ಜನರು ಸಾಯುತ್ತಿರುವಾಗ ಇದೆಂಥ ಹುಚ್ಚು ಸಾಹಸವೆಂದು ಅನೇಕರು ಆಕ್ಷೇಪಿಸಿದರು. ಅವರಿಗೆ ದೊರೆತ ಉತ್ತರ ಇಂದಿಗೂ ವಿಚಾರಮಾಡತಕ್ಕದ್ದಾಗಿದೆ.

ನಗರದ ಆರೋಗ್ಯಾಧಿಕಾರಿಯಾಗಿದ್ದ ರಾಯಲ್ ಕೋಪ್‌ಲೆಂಡರೂ ಮಕ್ಕಳ ಆರೋಗ್ಯ ಶಾಖೆಯ ಮುಖ್ಯಸ್ಥೆಯಾಗಿದ್ದ ಡಾಕ್ಟರ್ ಜೋಸೆಫೀನ್ ಬೇಕರರೂ ಕೇಳಿಕೊಂಡ ಪ್ರಶ್ನೆ ಸರಳವಾದುದು: ಶಾಲೆಯನ್ನು ಮುಚ್ಚಿದರೆ ಮಗು ಎಲ್ಲಿರುತ್ತದೆ? ಶಾಲೆಯ ಮಕ್ಕಳಲ್ಲಿ ಮುಕ್ಕಾಲು ಪಾಲಿನಷ್ಟು ಮಂದಿ ಬಡವರ ವಠಾರಗಳವರು. ಒಂದೆರಡು ಕೋಣೆಗಳಲ್ಲಿ ಇಡೀ ಸಂಸಾರ. ಗಾಳಿ ಬೆಳಕು ಅಷ್ಟಕ್ಕಷ್ಟೆ. ಅಲ್ಲಿ ಮಗುವಿಗೆ ಜ್ವರ ಬಂದರೆ ನೋಡುವ ವೈದ್ಯರಿಲ್ಲ. ಅದು ಬೀದಿಗಿಳಿದರೆ ತಡೆಯುವವರೂ ಇಲ್ಲ. ಶಾಲೆಯ ಕಟ್ಟಡವಾದರೋ ವಿಶಾಲವಾದುದು. ಅಲ್ಲಿ ಪ್ರತಿದಿನವೂ ತಿಳಿದವರೊಬ್ಬರು ಮಗುವಿನ ಮುಖ ನೋಡುತ್ತಾರೆ. ಆದ್ದರಿಂದ ಮಕ್ಕಳು ಅಂಗಳದಲ್ಲಿ ಗುಂಪುಗೂಡದೆ ನೇರವಾಗಿ ತಮ್ಮ ಉಪಾಧ್ಯಾಯರ ಬಳಿಗೆ ಹೋಗತಕ್ಕದ್ದೆಂದು ವಿಧಿಸಿದರು. ಬೆಳಗ್ಗೆ ಪ್ರತಿಯೊಂದು ಮಗುವಿನ ತಪಾಸಣೆ ನಡೆಯುತ್ತಿದ್ದಿತು. ರೋಗದ ಚಿಹ್ನೆ ಕಂಡ ಮಗುವನ್ನು ಮನೆಗೆ ತಲುಪಿಸಿ, ಅಲ್ಲಿ ಅದನ್ನು ಬೇರೆಯಾಗಿಡಲು ಸ್ಥಳವಿದೆಯೆ ಎಂದು ನೋಡುತ್ತಿದ್ದರು. ಇಲ್ಲವಾದರೆ ಆಸ್ಪತ್ರೆಗೆ ಸೇರಿಸುತ್ತಿದ್ದರು.

ಇದು ಒಂದು ವಾರದಲ್ಲಿ ಹೂಡಿದ ವ್ಯವಸ್ಥೆಯಲ್ಲ. ಹದಿನಾರು ವರ್ಷ ಹಿಂದಕ್ಕೆ ಹೋದರೆ ಅದರ ಬೇರು ಕಾಣುತ್ತದೆ. ಆಗ ನ್ಯೂಯಾರ್ಕಿನ ಶಾಲೆಗಳಿಗೆ ವೈದ್ಯರು ಬಂದು, ಕಣ್ಣುಬೇನೆ, ಹುಳುಕಡ್ಡಿ, ತಲೆಯ ಹೇನು ಇರುವ ಮಕ್ಕಳನ್ನು ಮನೆಗೆ ಕಳುಹಿಸಿಬಿಡುತ್ತಿದ್ದರು. ಚಿಕಿತ್ಸೆ ಯಾರ ಹೊಣೆಯೂ ಆಗಿರಲಿಲ್ಲ. ಹೊರಹಾಕಿಸಿಕೊಂಡ ಮಗು ಸಂಜೆ ಅದೇ ಸಹಪಾಠಿಗಳೊಡನೆ ಬೀದಿಯಲ್ಲಿ ಆಡುತ್ತಿದ್ದಿತು! ಬಡವರ ನಡುವೆ ಸೇವೆ ನಡೆಸುತ್ತಿದ್ದ ಲಿಲಿಯನ್ ವಾಲ್ಡ್ ಎಂಬಾಕೆ ಇದನ್ನು ಕಂಡು, 1902ರ ಅಕ್ಟೋಬರಿನಲ್ಲಿ ಲೀನಾ ರಾಜರ್ಸ್ ಎಂಬ ದಾದಿಯನ್ನು ಒಂದು ತಿಂಗಳ ಪರೀಕ್ಷೆಗಾಗಿ ನಾಲ್ಕು ಶಾಲೆಗಳಿಗೆ ಕಳುಹಿಸಿಕೊಟ್ಟರು. ಆಕೆ ಶಾಲೆಯಲ್ಲಿಯೇ ಹುಣ್ಣು ತೊಳೆದು ಮದ್ದು ಹಚ್ಚಿದರು. ಬಳಿಕ ಮನೆಮನೆಗೆ ಹೋಗಿ ತಾಯಂದಿರಿಗೆ ಶುಶ್ರೂಷೆಯ ಕ್ರಮವನ್ನು ಹೇಳಿಕೊಟ್ಟರು. ನಗರವು ಕೂಡಲೇ ಇನ್ನಷ್ಟು ದಾದಿಯರನ್ನು ನೇಮಿಸಿತು. 1902ರ ಸೆಪ್ಟೆಂಬರಿನಲ್ಲಿ ಶಾಲೆಗಳಿಂದ ಹೊರಗೆ ಕಳುಹಿಸಿದ ಮಕ್ಕಳ ಸಂಖ್ಯೆ 10,567. ಮರುವರ್ಷ ಅದೇ ತಿಂಗಳಿನಲ್ಲಿ 1,101. 1918ರಲ್ಲಿ ಕೋಪ್‌ಲೆಂಡರಿಗೆ ಧೈರ್ಯ ಬಂದುದು ಈ ದಾದಿಯರಿಂದ ಎಂದು ನಾವು ತಿಳಿಯುತ್ತೇವೆ.

ಹಾಗೆಂದು ನ್ಯೂಯಾರ್ಕಿನ ಮಾರ್ಗವನ್ನು ಮಂತ್ರದಂತೆ ಜಪಿಸುವುದು ತಪ್ಪಾದೀತು. ಎರಡೇ ವರ್ಷಗಳ ಹಿಂದೆ, 1916ರಲ್ಲಿ, ಅದೇ ನಗರವು ಪೋಲಿಯೋ ರೋಗಕ್ಕೆ ಅಂಜಿ ಶಾಲೆಗಳ ಪ್ರಾರಂಭವನ್ನು ಮುಂದಕ್ಕೆ ಹಾಕಿದ್ದಿತು. ಪೋಲಿಯೋ ಎಳೆಯ ಮಕ್ಕಳನ್ನೇ ಆರಿಸಿ ಹಿಡಿಯುವ ರೋಗ. 1918ರ ಜ್ವರವಾದರೋ ಇಪ್ಪತ್ತರಿಂದ ನಲವತ್ತು ವಯಸ್ಸಿನ ಗಟ್ಟಿಮುಟ್ಟಾದವರನ್ನು ಹೆಚ್ಚಾಗಿ ಕೊಂದಿತು. ಐದರಿಂದ ಹದಿನಾಲ್ಕರವರೆಗಿನ ಮಕ್ಕಳು ಅದರಿಂದ ಸತ್ತದ್ದು ಎಲ್ಲರಿಗಿಂತ ಕಡಮೆ. ಅಂದಮೇಲೆ ರೋಗದ ಸ್ವಭಾವವನ್ನು ಅರಿಯದೆ ಶಾಲೆಯ ಮಾತನ್ನು ಆಡುವಂತಿಲ್ಲ. ನ್ಯೂಯಾರ್ಕಿನ ಮರಣ ಪ್ರಮಾಣ ಬಾಸ್ಟನ್, ಫಿಲಡೆಲ್ಫಿಯಾಗಳಿಗಿಂತ ಕಡಮೆಯಾಗಿದ್ದಿತೆಂಬುದು ನಿಜ. ಆದರೆ ಅದು ಶಾಲೆ ತೆರೆದುದರಿಂದಲೇ ಆಯಿತೆಂದು ಹೇಳಲು ಆಧಾರವಿಲ್ಲ. ಅಮೆರಿಕದ 43 ನಗರಗಳ ದಾಖಲೆಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಶಾಲೆ ಮುಚ್ಚುವುದೂ ಸೇರಿದಂತೆ ಹಲವು ಕ್ರಮಗಳನ್ನು ಬೇಗನೆ ಕೈಗೊಂಡು ಬಹುಕಾಲ ನಡೆಸಿದ ನಗರಗಳಲ್ಲಿ ಸಾವು ಕಡಮೆಯೆಂದು ತೋರಿಸಿತು.

ಇನ್ನು ಗಾಳಿಯ ಮಾತು. 1918ರಲ್ಲಿ ಆ ಜ್ವರದ ವೈರಸನ್ನು ಯಾರೂ ಕಂಡಿರಲಿಲ್ಲ; ಮನುಷ್ಯರ ಇನ್‌ಫ್ಲುಯೆಂಜಾ ವೈರಸು ಬೇರ್ಪಟ್ಟುದು 1933ರಲ್ಲಿ. ಉಸಿರಿನೊಡನೆ ಹೊರಬೀಳುವ ಅತಿ ಸೂಕ್ಷ್ಮ ಕಣಗಳು ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತಿರಬಲ್ಲುವೆಂಬುದನ್ನು ಇಂದು ನಾವು ಬಲ್ಲೆವು. ಕಣಗಳು ಕಣ್ಣಿಗೆ ಕಾಣವು. ಆದರೆ ಅವುಗಳ ಜೊತೆಗಾರನಾದ ಇಂಗಾಲದ ಡೈಆಕ್ಸೈಡನ್ನು ಅಂಗೈಯಗಲದ ಯಂತ್ರದಿಂದ ಅಳೆಯಬಹುದು. ವಾಚಕರು ಈ ಲೆಕ್ಕವನ್ನು ತಾವೇ ಮಾಡಿನೋಡಲಿ. ಬಯಲಿನ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ಅನಿಲವು ಸುಮಾರು 420 ಭಾಗ. ನಾವು ಹೊರಬಿಡುವ ಉಸಿರಿನಲ್ಲಿ ಸುಮಾರು 40,000. ತರಗತಿಯಲ್ಲಿ ಯಂತ್ರವು 1,200 ತೋರಿಸಿದರೆ, ಹೆಚ್ಚಾಗಿರುವುದು 780. ಇದು 40,000ದ ಸುಮಾರು ಐವತ್ತರಲ್ಲೊಂದು ಪಾಲು. ಅಂದರೆ ಅಲ್ಲಿ ಒಳಗೆಳೆದುಕೊಳ್ಳುವ ಗಾಳಿಯ ಐವತ್ತರಲ್ಲೊಂದು ಪಾಲು ಆಗಲೇ ಯಾರದೋ ಶ್ವಾಸಕೋಶವನ್ನು ಹೊಕ್ಕು ಬಂದುದು! ಕಿಟಕಿ ಮುಚ್ಚಿ ಅಂಕಿ 2,400ಕ್ಕೆ ಏರಿತೆನ್ನಿ. ಆಗ ಇಪ್ಪತ್ತರಲ್ಲೊಂದು ಪಾಲು. 2021ರಲ್ಲಿ ಬ್ರಿಟನ್ ಸರ್ಕಾರವು ಇಂಥ 3 ಲಕ್ಷದಷ್ಟು ಯಂತ್ರಗಳನ್ನು ಇಂಗ್ಲೆಂಡಿನ ಶಾಲೆಗಳಿಗೆ ಒದಗಿಸಲು ಹೊರಟುದು ಈ ಕಾರಣದಿಂದ. ಯಂತ್ರವಿಲ್ಲದ ಊರಿನಲ್ಲಿ ಕಿಟಕಿಯನ್ನು ತೆರೆಯಲು ಯಾರ ಅಡ್ಡಿಯೂ ಇಲ್ಲ. ಮರದಡಿಯಾದರೆ ಇನ್ನೂ ಮೇಲು.

ಮರದಡಿಯ ಪಾಠವನ್ನು ನಮ್ಮ ಕರ್ನಾಟಕವೂ ನಡೆಸಿ ನೋಡಿದೆ. ಕೋವಿಡ್ ರೋಗದಿಂದಾಗಿ 2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದುವು. ಶಾಲೆಯೊಡನೆ ಮಧ್ಯಾಹ್ನದ ಬಿಸಿಯೂಟವೂ ನಿಂತಿತು. ಆಗಸ್ಟಿನಲ್ಲಿ ‘ವಿದ್ಯಾಗಮ’ ಎಂಬ ಯೋಜನೆ ಹುಟ್ಟಿ, ಉಪಾಧ್ಯಾಯರೇ ಹಳ್ಳಿಗಳಿಗೆ ಹೋಗಿ, ಜಗಲಿಯಲ್ಲಿ, ದೇವಸ್ಥಾನದ ಅಂಗಳದಲ್ಲಿ, ಮರದ ನೆರಳಿನಲ್ಲಿ ಸಣ್ಣ ಸಣ್ಣ ಗುಂಪುಗಳಿಗೆ ಪಾಠ ಹೇಳಿದರು. ಕಲ್ಪನೆ ಒಳ್ಳೆಯದು. ಆದರೆ ಕೆಲವೆಡೆ ಮಕ್ಕಳಿಗೂ ಉಪಾಧ್ಯಾಯರಿಗೂ ಸೋಂಕು ತಗಲಿದ ವರದಿಗಳು ಬಂದು, ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಲಾಯಿತು. ಲೀನಾ ರಾಜರ್ಸರಂಥವರು ಪ್ರತಿ ಗುಂಪಿಗೂ ಒಬ್ಬರಿದ್ದಿದ್ದರೆ ಏನಾಗುತ್ತಿದ್ದಿತೋ ಎಂದು ನಮಗೆ ಆಗಾಗ ಅನ್ನಿಸುವುದುಂಟು.

ಮನೆಯಲ್ಲುಳಿದ ಮಕ್ಕಳು ರೋಗದಿಂದ ತಪ್ಪಿಸಿಕೊಂಡರೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2021ರ ಜೂನ್, ಜುಲೈ ತಿಂಗಳುಗಳಲ್ಲಿ ದೇಶದಲ್ಲೆಲ್ಲ ರಕ್ತಪರೀಕ್ಷೆ ನಡೆಸಿತು. ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ನೂರಕ್ಕೆ 57.2 ಮಂದಿಯ ರಕ್ತದಲ್ಲಿ ಈ ರೋಗದ ಪ್ರತಿಕಾಯಗಳು ಕಂಡುವು. ಆ ವಯಸ್ಸಿನವರಿಗೆ ಆಗ ಲಸಿಕೆ ಇರಲಿಲ್ಲ; ಆದ್ದರಿಂದ ಸೋಂಕು ತಗಲಿ ಹೋಗಿದ್ದಿತೆಂದೇ ಅರ್ಥ. ಶಾಲೆಯ ಬಾಗಿಲಿಗೆ ಬೀಗವಿದ್ದರೂ ರೋಗವು ಮನೆಯ ಬಾಗಿಲಿನಿಂದ ಒಳಗೆ ಬಂದಿದ್ದಿತು. ಇನ್ನೊಂದು ಕಡೆ, ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಮಕ್ಕಳನ್ನು 2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ, ಎರಡರಿಂದ ಆರನೆಯ ತರಗತಿಯವರಲ್ಲಿ ನೂರಕ್ಕೆ 92 ಮಂದಿ ಭಾಷೆಯಲ್ಲಿಯೂ 82 ಮಂದಿ ಗಣಿತದಲ್ಲಿಯೂ ಹಿಂದಿನ ವರ್ಷ ಬಲ್ಲವರಾಗಿದ್ದ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು.

ಹೊಸ ರೋಗದ ಸ್ವಭಾವ ತಿಳಿಯದಿದ್ದಾಗ ಮೊದಲು ಮುಚ್ಚಿದುದನ್ನು ನಾವು ತಪ್ಪೆನ್ನಲಾರೆವು. ತೆರೆಯುವ ಕ್ರಮದಲ್ಲಿ ಮಾತ್ರ ನಮಗೆ ಭಿನ್ನಾಭಿಪ್ರಾಯವಿದೆ. 2020ರ ಜೂನ್ 25ರಂದು ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಪ್ರಾರಂಭಿಸಿ, ಎಂಟು ಲಕ್ಷದಷ್ಟು ವಿದ್ಯಾರ್ಥಿಗಳನ್ನು ಮುಸುಕು ಧರಿಸಿ, ಜ್ವರ ನೋಡಿ, ದೂರದೂರ ಕೂರಿಸಿ ನಡೆಸಿದ ನಾಡು ಇದು. ಮನಸ್ಸು ಮಾಡಿದರೆ ಏನು ಸಾಧ್ಯವೆಂಬುದು ಆಗಲೇ ತಿಳಿದಿದ್ದಿತು. ಆದರೂ ಪರೀಕ್ಷೆಯಿರುವ ದೊಡ್ಡ ತರಗತಿಗಳೇ ಪ್ರತಿ ಸಲವೂ ಮೊದಲು ತೆರೆದುವು. ತಾವಾಗಿ ಓದಿಕೊಳ್ಳಲು ಬಾರದ, ರೋಗದ ಅಪಾಯವೂ ಎಲ್ಲರಿಗಿಂತ ಕಡಮೆಯಾಗಿದ್ದ ಚಿಕ್ಕ ಮಕ್ಕಳ ಸರದಿ ಕೊನೆಗೆ ಬಂದಿತು. ಅದೂ 2021ರ ಅಕ್ಟೋಬರ್ 25ರಂದು. ಹಿಂದಿನ ವರ್ಷ ಒಂದನೆಯ ತರಗತಿಗೆ ಹೆಸರು ಬರೆಯಿಸಿದ್ದ ಮಗುವು ಅಂದು ಮೊಟ್ಟಮೊದಲ ಬಾರಿಗೆ ಶಾಲೆಯ ಮೆಟ್ಟಿಲನ್ನು ಹತ್ತಿದಾಗ, ಹಾಜರಿ ಪುಸ್ತಕದಲ್ಲಿ ಅದರ ಹೆಸರು ಎರಡನೆಯ ತರಗತಿಯಲ್ಲಿದ್ದಿತು.