ತೋಟದ ಮಚ್ಚು, ಅಟ್ಟದ ಕೋವಿ ಮತ್ತು ಚನ್ನಗಿರಿಯ ಕೋರ್ಟು

ಚನ್ನಗಿರಿ ಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಯನ್ನು ಹುಡುಕಬೇಕಿಲ್ಲ. ತೋಟಗಾರರ ಸಹಕಾರ ಸಂಘವಾದ ತುಮ್ಕೋಸ್ ಇರುವ ಅಡಿಕೆಯ ಊರಿದು. ತೋಟಕ್ಕೆ ಬೇಕಾದದ್ದೆಲ್ಲ ರಸ್ತೆಯಂಚಿಗೇ ಬಂದು ನೇತಾಡುತ್ತಿರುತ್ತದೆ. ಕುಡುಗೋಲು, ಕೊಡಲಿ, ದೋಟಿಗೆ ಕಟ್ಟುವ ಕತ್ತಿ, ಅಡಿಕೆ ಸುಲಿಯುವ ಕತ್ತಿ, ಮೊಳದುದ್ದದ ಮಚ್ಚು. ಒಂದನ್ನು ಕೈಗೆತ್ತಿಕೊಂಡು ನೋಡಿದೆ. ಅಲಗಿನ ಮೇಲೆ ಅರ ಹಾಕಿದ ಗೆರೆಗಳು ಇನ್ನೂ ಹಸಿಯಾಗಿದ್ದವು; ಹಿಡಿಯ ಬುಡಕ್ಕೆ ಹಾಕಿದ ಕಬ್ಬಿಣದ ಬಳೆ ಬೆರಳಿಗೆ ತಣ್ಣಗೆ ತಾಗಿತು. ಕೊಂಡವರು ಹಳೆಯ ಪೇಪರಿನಲ್ಲಿ ಸುತ್ತಿಸಿಕೊಂಡು, ಬೈಕಿಗೆ ಸಿಕ್ಕಿಸಿ ಹೊರಟುಬಿಡುತ್ತಾರೆ. ಹಗಲಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಅದೇ ಮಚ್ಚು ನಡುರಾತ್ರಿಯ ನಾಕಾಬಂದಿಯಲ್ಲಿ ಸಿಕ್ಕರೆ, ಬೆಳಗಾಗುವಷ್ಟರಲ್ಲಿ ಎಫ್‌ಐಆರ್ ಆಗಿರಬಹುದು.

ಈ ಅಂಗಡಿಯ ಮುಂದೆಯೇ ಒಂದು ಮಾತು ಹೇಳಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆ ಮಾಡಿದವರಿಗೆ ಹಳ್ಳಿಯ ಮನೆಯಲ್ಲಿ ಏನೇನಿರುತ್ತದೆ ಎಂಬುದು ಗೊತ್ತಿತ್ತು. ಕೇವಲ ಮನೆಗೆಲಸಕ್ಕೆ, ಬೇಸಾಯಕ್ಕೆ ಎಂದೇ ಮಾಡಿದ ಸಾಮಾನು ಆಯುಧವಲ್ಲ ಎಂದು ಅದರ 2ನೇ ಸೆಕ್ಷನ್ನೇ ಹೇಳುತ್ತದೆ. ಲಾಠಿಯನ್ನೂ ಊರುಗೋಲನ್ನೂ ಹೆಸರಿಸಿ ಹೊರಗಿಡುತ್ತದೆ. ಹರಿತವಾದ ಆಯುಧಗಳಿಗೆ ಎಲ್ಲೆಡೆ ಲೈಸೆನ್ಸ್ ಬೇಕೆಂದೂ ಇಲ್ಲ. 4ನೇ ಸೆಕ್ಷನ್ ಪ್ರಕಾರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ ಮಾತ್ರ ಬೇಕು. ಆದ್ದರಿಂದ ಆರೋಪಿಯ ಪರ ವಕೀಲರು ಮೊದಲು ಕೇಳಬೇಕಾದ್ದು ಎರಡೇ ಪ್ರಶ್ನೆ: ಇದು ಆಯುಧವೋ, ತೋಟದ ಸಾಮಾನೋ? ಆಯುಧವೇ ಆದರೆ ಇಲ್ಲಿಗೆ ಅಧಿಸೂಚನೆ ಇದೆಯೋ? ತಲ್ವಾರಿನಲ್ಲಿ ಕೇಕು ಕತ್ತರಿಸಿ ರೀಲ್ಸ್ ಮಾಡಿದವನಿಗೆ ಮೊದಲ ಪ್ರಶ್ನೆಯಿಂದ ರಕ್ಷಣೆ ಸಿಗದು, ಸಿಗಲೂಬಾರದು. ತೋಟದಿಂದ ಬರುವ ಕೂಲಿಕಾರನಿಗೆ ಸಿಗಲೇಬೇಕು.

ಐದಾರು ಜನ ಒಟ್ಟಿಗೆ ಸಿಕ್ಕಾಗ ಕೇಸು ಬೇರೆ ದಾರಿ ಹಿಡಿಯುತ್ತದೆ. ಮಚ್ಚು, ಖಾರದ ಪುಡಿ, ಹಗ್ಗ: ರಾಜ್ಯದ ಎಷ್ಟೋ ದೋಷಾರೋಪ ಪಟ್ಟಿಗಳಲ್ಲಿ ಈ ಮೂರೂ ಜೊತೆಯಲ್ಲೇ ಬರುತ್ತವೆ. ಆರೋಪ ದರೋಡೆಗೆ ಸಿದ್ಧತೆ. ಹಿಂದೆ ಐಪಿಸಿ 399, 402, ಈಗ ಭಾರತೀಯ ನ್ಯಾಯ ಸಂಹಿತೆಯ 310. ಇಂಥ ಕೇಸಿನಲ್ಲಿ ವಾದವೆಲ್ಲ ಸಾಮಾನಿನ ಮೇಲಲ್ಲ, ಉದ್ದೇಶದ ಮೇಲೆ ನಿಲ್ಲುತ್ತದೆ.

ಪೇಟೆಯಿಂದ ಕೋರ್ಟಿನ ಕಡೆ ನಡೆದೆ. ತಲೆಯೆತ್ತಿದರೆ ಗುಡ್ಡದ ಮೇಲೆ ಕೋಟೆ; ಕೆಳಗೆ ಟೈಪಿಂಗ್, ಜೆರಾಕ್ಸ್, ಸ್ಟಾಂಪ್ ವೆಂಡರ್. ಜೆಎಂಎಫ್‌ಸಿ ಕೋರ್ಟಿನ ಹೊರಗೆ ಬೆಂಚಿನ ಮೇಲೆ ಕೂತವರು ಅಟೆಂಡರ್ ಕೂಗುವ ಹೆಸರಿಗೆ ಕಿವಿ ಕೊಟ್ಟಿದ್ದರು. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡ ಕೇಸು ನಡೆಯುವುದು ಇಂಥ ಕೋರ್ಟಿನಲ್ಲೇ. 2019ರ ತಿದ್ದುಪಡಿಗೆ ಮುಂಚೆ ಅದಕ್ಕೆ ಒಂದರಿಂದ 3 ವರ್ಷ ಸಜೆ ಇತ್ತು. ಈಗ ಕನಿಷ್ಠ 2, ಗರಿಷ್ಠ 5 ವರ್ಷ, ಜೊತೆಗೆ ದಂಡ. ವಿಶೇಷ ಕಾರಣವಿದ್ದರೆ ತೀರ್ಪಿನಲ್ಲಿ ಬರೆದು ಕನಿಷ್ಠಕ್ಕಿಂತ ಕಡಿಮೆ ಕೊಡಬಹುದು. ಅಪರಾಧ ಜಾಮೀನುರಹಿತ ಎಂದ ಮಾತ್ರಕ್ಕೆ ಜಾಮೀನೇ ಇಲ್ಲವೆಂದಲ್ಲ. ಅದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. 7 ವರ್ಷದವರೆಗಿನ ಸಜೆಯ ಕೇಸುಗಳಲ್ಲಿ ಯಾಂತ್ರಿಕವಾಗಿ ಬಂಧಿಸಬೇಡಿ ಎಂದು ಸುಪ್ರೀಂ ಕೋರ್ಟು 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಪೊಲೀಸರಿಗೆ ಸ್ಪಷ್ಟವಾಗಿ ಹೇಳಿದೆ.

ಪಾಟೀ ಸವಾಲು ಎಂದರೆ ಸಿನಿಮಾದ ಗುಡುಗು ಎಂದುಕೊಂಡವರಿಗೆ ಇಲ್ಲಿಯ ಕಲಾಪ ಸಪ್ಪೆ ಅನಿಸಬಹುದು. ಎಲ್ಲ ನಡೆಯುವುದು ಮಹಜರಿನ ಸುತ್ತ. ಪಂಚರು ಯಾರು, ಅವರು ನಿಜವಾಗಿ ಸ್ಥಳದಲ್ಲಿದ್ದರೋ, ಠಾಣೆಗೆ ಕರೆಸಿ ಸಹಿ ಹಾಕಿಸಿದ್ದೋ? ಕೋವಿಯನ್ನು ಬಟ್ಟೆಯಲ್ಲಿ ಸುತ್ತಿ ಅರಗು ಮುದ್ರೆ ಹಾಕಿದ್ದು ಎಲ್ಲಿ? ಸ್ಥಳದಲ್ಲೇ ರಿವಾಲ್ವರಿಗೆ ಮುದ್ರೆ ಹಾಕದಿದ್ದುದು ಗಂಭೀರ ದೋಷವೆಂದು 1995ರ ಅಮರ್‌ಜಿತ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮುದ್ದೆಮಾಲು ಪ್ರಯೋಗಾಲಯಕ್ಕೆ ಹೋಗುವ ತನಕ ಯಾರ ಕೈಯಲ್ಲಿತ್ತು, ಗುಂಡು ಹಾರಿಸಲು ಬರುತ್ತದೆಂದು ತಜ್ಞರ ವರದಿ ಇದೆಯೋ? ಶಸ್ತ್ರಾಸ್ತ್ರ ಕಾಯ್ದೆಯ 39ನೇ ಸೆಕ್ಷನ್ನಿನಂತೆ ಜಿಲ್ಲಾಧಿಕಾರಿಯ ಪೂರ್ವಾನುಮತಿ ಪಡೆದಿದ್ದಾರೋ? ಅದಿಲ್ಲದೆ ಲೈಸೆನ್ಸಿಲ್ಲದ ಕೋವಿಯ ಕೇಸು ನಡೆಸುವಂತೆಯೇ ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಶೋಧ, ಜಪ್ತಿಗಳ ಆಡಿಯೊ-ವಿಡಿಯೊ ಚಿತ್ರೀಕರಣವನ್ನು ಕಡ್ಡಾಯ ಮಾಡಿದೆ. ಪ್ರಾಮಾಣಿಕ ಪೊಲೀಸನಿಗೂ ನಿರಪರಾಧಿಗೂ ಒಟ್ಟಿಗೆ ಒಳ್ಳೆಯದು ಮಾಡುವ ನಿಯಮವಿದು.

ಇವೆಲ್ಲ ಆರೋಪಿಗೆ ಗೊತ್ತಿರುವುದಿಲ್ಲ. ತಪ್ಪೊಪ್ಪಿಕೊಂಡರೆ ದಂಡ ಕಟ್ಟಿ ಮನೆಗೆ ಹೋಗಬಹುದು ಎಂದು ಯಾರೋ ಕಿವಿಯಲ್ಲಿ ಹೇಳಿದ್ದೇ ಅವನ ಕಾನೂನು. ಅದಕ್ಕೇ ತಾಲ್ಲೂಕು ಕಾನೂನು ಸೇವಾ ಸಮಿತಿಯ ಬಾಗಿಲು ನನಗೆ ಮುಖ್ಯವಾಗಿ ಕಂಡಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆಗಲಿ, ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಇದೇ ತಾಲ್ಲೂಕಿನ ಅಸ್ತಾಪನಹಳ್ಳಿ, ಗೋಪನಾಳಗಳಲ್ಲಿ ಹಕ್ಕಿಪಿಕ್ಕಿಗಳಿದ್ದಾರೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ತಲೆಮಾರಿನ ಬೇಟೆ ಬಿಟ್ಟು, ಗಿಡಮೂಲಿಕೆ ಎಣ್ಣೆ ಹಿಡಿದು ದೇಶಾಂತರ ಹೊರಟವರು; 2023ರಲ್ಲಿ ಸುಡಾನಿನ ಯುದ್ಧದಲ್ಲಿ ಸಿಕ್ಕಿಕೊಂಡವರಲ್ಲಿ ಈ ತಾಲ್ಲೂಕಿನವರೂ ಇದ್ದರು. ಪರಿಶಿಷ್ಟ ಪಂಗಡದವರಾದ ಅವರಿಗೆ ಈ ಬಾಗಿಲು ಯಾವಾಗಲೂ ತೆರೆದಿದೆ ಎಂಬುದನ್ನು ಅವರ ಕೇರಿಗೇ ಹೋಗಿ ಹೇಳಬೇಕು.

ಉಬ್ರಾಣಿ ಕಡೆ ಹೊರಟರೆ ಕಾಡು ಹತ್ತಿರವಾಗುತ್ತದೆ, ಕೋವಿಯ ಮಾತೂ ಹತ್ತಿರವಾಗುತ್ತದೆ. ಹಂದಿ ಕಾಟದಿಂದ ಬೆಳೆ ಉಳಿಸಿಕೊಳ್ಳಲು ಮುಂದಿನಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡಲು ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಅವಕಾಶವಿದೆ. ಹಂದಿ ಹೊಡೆಯುವುದಕ್ಕೆ ಮಾತ್ರ ವನ್ಯಜೀವಿ ಕಾಯ್ದೆಯ ಅಂಕೆ ಬೇರೆಯೇ ಇದೆ. ತೊಂದರೆ ಶುರುವಾಗುವುದು ಲೈಸೆನ್ಸುದಾರ ಅಜ್ಜ ತೀರಿಕೊಂಡಾಗ. ಕೋವಿ ಅಟ್ಟದಲ್ಲೇ ಉಳಿಯುತ್ತದೆ, ಮೊಮ್ಮಗ ಆರೋಪಿಯಾಗುತ್ತಾನೆ. ತನ್ನ ಮನೆಯಲ್ಲಿ ಕೋವಿ ಇದೆ ಎಂಬ ಅರಿವು, ಅದರ ಮೇಲೆ ಹಿಡಿತ ಇಲ್ಲದೆ 'ಸ್ವಾಧೀನ' ಆಗದು ಎಂದು 1972ರ ಗುಣವಂತಲಾಲ್ ತೀರ್ಪು ಹೇಳುತ್ತದೆ. ನಿಜವಾಗಿ ಗೊತ್ತಿಲ್ಲದವನಿಗೆ ಅದೇ ಆಸರೆ. ಗೊತ್ತಿದ್ದೂ ಇಟ್ಟುಕೊಂಡವನಿಗೆ ಇಲ್ಲ. ಅದೇ ಕೋವಿ ಕೊಡಗಿನ ಐನ್‌ಮನೆಯಲ್ಲಿದ್ದರೆ ಲೆಕ್ಕವೇ ಬೇರೆ: ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮುಂದುವರಿಸಿತು, 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು.

ನಮ್ಮ ಕಡೆ ಇನ್ನೊಂದು ತೊಡಕಿದೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿ, ಆಗ ಹೊನ್ನಾಳಿಯಲ್ಲೇ ಇದ್ದ ನ್ಯಾಮತಿ, ಮೂರೂ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಅಜ್ಜನ ಲೈಸೆನ್ಸ್ ಪುಸ್ತಕದಲ್ಲಿ ಹಳೆಯ ಜಿಲ್ಲೆಯ ಮೊಹರಿರುತ್ತದೆ. ಅದು ಸಿಕ್ಕರೆ ಕಳೆಯದೆ ಇಟ್ಟುಕೊಳ್ಳಬೇಕು, ಕೋವಿ ಎಲ್ಲಿಂದ ಬಂತೆಂದು ತೋರಿಸಲು ಅದೇ ದಾಖಲೆ. ಲೈಸೆನ್ಸಿನ ಅವಧಿ ಮುಗಿದ ಅಥವಾ ವಾರಸುದಾರಿಕೆಯಿಂದ ಬಂದ ಕೋವಿಯನ್ನು ತಡಮಾಡದೆ ಹತ್ತಿರದ ಠಾಣೆಗೋ ಅಧಿಕೃತ ಡೀಲರಿಗೋ ಒಪ್ಪಿಸಿ ಎನ್ನುತ್ತದೆ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್. ಒಪ್ಪಿಸಿದ ಮಾತ್ರಕ್ಕೆ ಹಕ್ಕು ಹೋಗದು. ಲೈಸೆನ್ಸ್ ಸಿಕ್ಕ ಮೇಲೆ ವಾಪಸ್ ಪಡೆಯಬಹುದು, ಮಾರಲೂಬಹುದು. ಒಪ್ಪಿಸುವಾಗ ಕೋವಿಯ ನಂಬರು, ನಳಿಕೆಯ ವಿವರ, ತಾರೀಖು ಬರೆಸಿ ರಸೀದಿ ಪಡೆಯಬೇಕು. ಲೈಸೆನ್ಸಿನ ಅರ್ಜಿ ಹಿಡಿದು ದಾವಣಗೆರೆಯ ಡಿಸಿ ಕಚೇರಿಗೆ ಹೋಗುವ ದಿನ ಅಜ್ಜನ ಮರಣ ಪ್ರಮಾಣಪತ್ರ, ವಂಶವೃಕ್ಷದ ಜೊತೆ ಆ ರಸೀದಿಯ ಜೆರಾಕ್ಸೂ ಇರಲಿ.