ವಿದ್ಯಾರ್ಥಿಯ ಭಾವಚಿತ್ರದಲ್ಲಿ ವರ್ಣಯೋಜನೆ

ಮನುಷ್ಯನ ಮುಖವನ್ನು ರೇಖೆಯಲ್ಲಿ ಹಿಡಿಯುವುದು ಒಂದು ಸಾಧನೆಯಾದರೆ, ಆ ರೇಖೆಗೆ ವರ್ಣವನ್ನು ಕೂಡಿಸುವುದು ಇನ್ನೊಂದು ಸಾಧನೆ. ಪೆನ್ಸಿಲಿನಲ್ಲಿ ಬರೆದಾಗ ಸಾಕ್ಷಾತ್ ಅಜ್ಜನಂತೆಯೇ ತೋರುತ್ತಿದ್ದ ಮುಖವು ಬಣ್ಣ ಬಿದ್ದೊಡನೆ ಅಪರಿಚಿತನ ಮುಖವಾಗಿಬಿಡುವುದನ್ನು ಚಿತ್ರಕಲೆಯ ತರಗತಿಗಳಲ್ಲಿ ಕಾಣುತ್ತೇವೆ. ಬಾಲಕನು ಖಿನ್ನನಾಗಿ, ತನಗೆ ಬಣ್ಣದ ಕೈ ಇಲ್ಲವೆಂದು ತೀರ್ಮಾನಿಸಿ ಕುಂಚವನ್ನು ಕೆಳಗಿಡುತ್ತಾನೆ. ಇಂತಹ ಸೋಲು ಬಹುಮಟ್ಟಿಗೆ ನೋಟದ ದೋಷದಿಂದ ಬಂದುದು. ಅದನ್ನು ತಿದ್ದುವುದು ಅಸಾಧ್ಯವೇನಲ್ಲ.

ನಮ್ಮ ಪ್ರಾಚೀನರು ಈ ವಿಷಯವನ್ನು ಆಳವಾಗಿ ಚಿಂತಿಸಿದ್ದರು. ವಾತ್ಸ್ಯಾಯನನ ಗ್ರಂಥಕ್ಕೆ 'ಜಯಮಂಗಳಾ' ಎಂಬ ವ್ಯಾಖ್ಯಾನವನ್ನು ಬರೆದ ಯಶೋಧರನು ಚಿತ್ರಕ್ಕೆ ಆರು ಅಂಗಗಳನ್ನು ಹೇಳುತ್ತಾನೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ಇವುಗಳಲ್ಲಿ ವರ್ಣಿಕಾಭಂಗವು ಕೊನೆಯದು. ಅಳತೆ, ಭಾವ, ಹೋಲಿಕೆಗಳು ಸಿದ್ಧಿಸಿದ ಬಳಿಕವೇ ಬಣ್ಣವು ಶೋಭಿಸುತ್ತದೆಂಬುದಕ್ಕೆ ಈ ಕ್ರಮವೇ ಸೂಚನೆಯಾಗಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ, ಕನ್ನಡಿಯಲ್ಲಿ ಕಂಡ ಬಿಂಬದಂತೆ ಹೋಲಿಕೆಯುಳ್ಳ ಚಿತ್ರವನ್ನು 'ವಿದ್ಧ'ವೆಂದು ಕರೆದಿದ್ದಾನೆ. ವಿದ್ಯಾರ್ಥಿಯು ಬರೆಯಬಯಸುವ ಭಾವಚಿತ್ರವು ಈ ಜಾತಿಗೇ ಸೇರಿದುದು.

ಇಲ್ಲಿ ಮೊದಲು ಎದುರಾಗುವ ತೊಡಕು ಮೈಬಣ್ಣದ್ದು. ಬಣ್ಣದ ಪೆಟ್ಟಿಗೆಯೊಳಗಿನ ತಿಳಿಗುಲಾಬಿ ಕಡ್ಡಿಯನ್ನೇ 'ಮೈಬಣ್ಣ'ವೆಂದು ಮಕ್ಕಳು ಭಾವಿಸುತ್ತಾರೆ. ಅಮೆರಿಕದ ಪ್ರಸಿದ್ಧ ಕ್ರೇಯೊಲಾ ಬಣ್ಣದ ಕಡ್ಡಿಗಳಲ್ಲಿಯೂ ಒಂದಕ್ಕೆ ಮೈಬಣ್ಣವೆಂಬರ್ಥದ ಹೆಸರೇ ಇದ್ದಿತು. 1962ರಲ್ಲಿ ಅದನ್ನು ಬಿಟ್ಟು 'ಪೀಚ್' ಎಂಬ ಹಣ್ಣಿನ ಹೆಸರನ್ನಿಟ್ಟರು. ಎಲ್ಲರ ಮೈಗೂ ಸಲ್ಲುವ ಒಂದೇ ಬಣ್ಣವಿಲ್ಲವೆಂಬ ಅರಿವು ಆ ಬದಲಾವಣೆಯಲ್ಲಿದೆ. ಎಣ್ಣೆಗಪ್ಪಿನ ಬಾಲಿಕೆಯೊಬ್ಬಳು ತನ್ನ ಮುಖವನ್ನೇ ತಿಳಿಗುಲಾಬಿಯಲ್ಲಿ ತುಂಬಿದರೆ ಹೋಲಿಕೆ ಕೆಡುವುದಷ್ಟೇ ಅಲ್ಲ, ತನ್ನ ಬಣ್ಣವು ಚಿತ್ರಕ್ಕೆ ಯೋಗ್ಯವಲ್ಲವೆಂಬ ಹೀನಭಾವವೂ ಎಳೆಯ ಮನಸ್ಸಿನಲ್ಲಿ ಬೇರೂರುತ್ತದೆ. ಗುರುವಾದವನು ಇದಕ್ಕೆ ಎಡೆಗೊಡಬಾರದು.

ಹಾಗಾದರೆ ಮೈಬಣ್ಣವನ್ನು ಪಡೆಯುವ ಬಗೆ ಹೇಗೆ? ಭರತಮುನಿಯ ನಾಟ್ಯಶಾಸ್ತ್ರವು ನಟರ ಬಣ್ಣಗಾರಿಕೆಯ ಪ್ರಸಂಗದಲ್ಲಿ ಬಿಳಿ, ನೀಲಿ, ಹಳದಿ, ಕೆಂಪುಗಳನ್ನು ಮೂಲವರ್ಣಗಳೆಂದು ಹೇಳಿ, ಕೆಂಪು ಹಳದಿಗಳ ಬೆರಕೆಯಿಂದ ಗೌರವರ್ಣವೂ, ನೀಲಿ ಕೆಂಪುಗಳಿಂದ ಕಾಷಾಯವೂ ಉಂಟಾಗುತ್ತವೆಂದು ವಿವರಿಸುತ್ತದೆ. ವರ್ಣಗಳಲ್ಲೆಲ್ಲ ನೀಲಿಯೇ ಬಲಿಷ್ಠವಾದುದರಿಂದ ಇತರ ವರ್ಣದ ನಾಲ್ಕು ಪಾಲಿಗೆ ನೀಲಿಯ ಒಂದು ಪಾಲು ಸಾಕೆಂಬ ಎಚ್ಚರಿಕೆಯೂ ಅಲ್ಲಿದೆ. ಇಂದಿನ ಜಲವರ್ಣದ ಪೆಟ್ಟಿಗೆಗೂ ಇದೇ ಸೂತ್ರವು ಸಲ್ಲುತ್ತದೆ. ಕೆಂಪು ಹಳದಿಗಳನ್ನು ಬೆರೆಸಿ, ತುಸುವೇ ನೀಲಿಯನ್ನು ಕೂಡಿಸಿದರೆ ಕಂದು ಹುಟ್ಟುತ್ತದೆ. ನೀರು ಹೆಚ್ಚಿದರೆ ಗೋಧಿಬಣ್ಣ. ನೀಲಿ ಹೆಚ್ಚಿದರೆ ಶ್ಯಾಮಲವರ್ಣ. ಎಲ್ಲ ಮೈಬಣ್ಣಗಳೂ ಈ ಒಂದೇ ಕುಟುಂಬದವು.

ಎರಡನೆಯ ವಿಷಯ ಬೆಳಕು ನೆರಳುಗಳದ್ದು. ಕಪ್ಪುಬಿಳುಪಿನ ಛಾಯಾಚಿತ್ರದಲ್ಲಿ ಬಣ್ಣವೇ ಇಲ್ಲದಿದ್ದರೂ ವ್ಯಕ್ತಿಯನ್ನು ಗುರುತಿಸುತ್ತೇವಷ್ಟೆ. ಆದುದರಿಂದ ಹೋಲಿಕೆಗೆ ಆಧಾರ ಬಣ್ಣದ ಹೆಸರಿಗಿಂತ ಅದರ ತಿಳಿ-ಗಾಢಗಳ ಪ್ರಮಾಣವೆಂಬುದು ಸ್ಪಷ್ಟ. ಅಮೆರಿಕದ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವರ್ಣದ ಜಾತಿ, ಅದರ ತಿಳಿ-ಗಾಢತೆ, ಅದರ ತೀವ್ರತೆ ಎಂಬ ಮೂರು ಗುಣಗಳನ್ನು ಬೇರ್ಪಡಿಸಿ ತೋರಿಸಿದನು. ವಿದ್ಯಾರ್ಥಿಯು ಕಣ್ಣುಗಳನ್ನು ಅರೆಮುಚ್ಚಿ ನೋಡಿದರೆ ಸಣ್ಣ ವಿವರಗಳು ಮರೆಯಾಗಿ, ಬೆಳಕು ನೆರಳುಗಳ ದೊಡ್ಡ ಭಾಗಗಳು ತಾವಾಗಿ ಗೋಚರಿಸುತ್ತವೆ. ಮೊದಲು ಅವುಗಳನ್ನು ಗುರುತಿಸಿಕೊಳ್ಳಬೇಕು.

ಇನ್ನು ಒಂದೇ ಮುಖದಲ್ಲಿಯೂ ಬಣ್ಣವು ಏಕರೂಪವಾಗಿರುವುದಿಲ್ಲ. ಸಾಮಾನ್ಯವಾಗಿ ಹಣೆಯ ಭಾಗವು ತುಸು ಹಳದಿಯತ್ತ ವಾಲುತ್ತದೆ. ಕೆನ್ನೆ, ಮೂಗಿನ ತುದಿ, ಕಿವಿಗಳಲ್ಲಿ ರಕ್ತಸಂಚಾರದ ಕಾರಣ ಕೆಂಪು ಛಾಯೆ ಮೂಡುತ್ತದೆ. ಗಡ್ಡ ಬೋಳಿಸಿದ ಪುರುಷರ ಗಲ್ಲದಲ್ಲಿ ಬೂದು ನೀಲಿಯ ಸುಳಿವಿರುತ್ತದೆ. ಕಣ್ಣಿನ ಬಿಳುಪು ಅಚ್ಚ ಬಿಳಿಯಲ್ಲ. ರೆಪ್ಪೆಯ ನೆರಳು ಅದರ ಮೇಲಿರುವುದರಿಂದ ಕಾಗದದ ಬಿಳುಪನ್ನು ಹಾಗೆಯೇ ಬಿಟ್ಟರೆ ಕಣ್ಣು ಗಾಜಿನ ಗೋಲಿಯಂತೆ ತೋರುತ್ತದೆ. ಅಜ್ಜನ ಹಣೆಯ ವಿಭೂತಿಯೂ ಹಾಗೆಯೇ: ಬೆಳಕಿನ ಕಡೆ ಬೆಳ್ಳಗೆ, ಹಣೆ ಬಾಗಿದ ಕಡೆ ಮಸುಕು. ತಲೆಗೆ ಕೆಂಪು ರುಮಾಲಿದ್ದರೆ ಅದರ ಪ್ರತಿಫಲನವು ಹಣೆಯ ಅಂಚಿಗೂ ಕಿವಿಗೂ ತಾಗುತ್ತದೆ. ಶ್ಯಾಮಲ ಚರ್ಮದ ಹೊಳಪಿನಲ್ಲಿ ಕಿಟಕಿಯಿಂದ ಬಂದ ಆಕಾಶದ ನೀಲಿಯೂ ಕಾಣಸಿಗುತ್ತದೆ. ನೆರಳೆಂದೊಡನೆ ಕಪ್ಪನ್ನು ಬಳಿಯುವುದು ಹೊಸಬರ ಸಾಮಾನ್ಯ ದೋಷ. ಅದರಿಂದ ಮುಖಕ್ಕೆ ಮಸಿ ಮೆತ್ತಿದಂತಾಗುತ್ತದೆ. ಮೈಬಣ್ಣಕ್ಕೇ ನೀಲಿಯನ್ನು ಮಿತವಾಗಿ ಕೂಡಿಸಿದರೆ ನೆರಳು ಸಜೀವವಾಗುತ್ತದೆ.

ಜಲವರ್ಣದಲ್ಲಿ ಕೆಲಸದ ಕ್ರಮವೂ ಮುಖ್ಯ. ಅದು ಪಾರದರ್ಶಕವಾದುದರಿಂದ ಗಾಢದ ಮೇಲೆ ತಿಳಿಬಣ್ಣವು ನಿಲ್ಲದು. ತಿಳಿಯಿಂದ ಗಾಢಕ್ಕೆ ಸಾಗಬೇಕು. ಅತಿ ಹೊಳೆಯುವ ಸ್ಥಳಗಳಲ್ಲಿ ಕಾಗದವನ್ನೇ ಬಿಡಬೇಕು. ಒಂದು ಲೇಪ ಆರಿದ ಬಳಿಕವೇ ಮತ್ತೊಂದನ್ನು ಹಾಕಬೇಕು. ಹಸಿಯ ಮೇಲೆ ಉಜ್ಜಿದರೆ ಬಣ್ಣ ಕದಡಿ ಕೆಸರಾಗುತ್ತದೆ.

ಬಣ್ಣಗಳು ಹೆಚ್ಚಿದಷ್ಟೂ ಚಿತ್ರ ಚೆಲುವಾಗುವುದೆಂಬುದು ಭ್ರಮೆ. ಸ್ವೀಡನ್ನಿನ ಆಂಡರ್ಸ್ ಸೋರ್ನ್ (1860–1920) ಬಿಳಿ, ಕಪ್ಪು, ಹಳದಿಮಣ್ಣು, ಇಂಗಳೀಕದ ಕೆಂಪು ಎಂಬ ನಾಲ್ಕೇ ಬಣ್ಣಗಳ ಯೋಜನೆಗೆ ಹೆಸರಾದವನು. ಫ್ರಾನ್ಸಿನ ವಾಟೋ (1684–1721) ಕೆಂಪು, ಕಪ್ಪು, ಬಿಳಿ ಸೀಮೆಸುಣ್ಣಗಳಿಂದಲೇ ಮುಖಗಳಿಗೆ ಜೀವ ತುಂಬಿದನು. ದುಬಾರಿ ಪೆಟ್ಟಿಗೆಯಿಲ್ಲದ ಬಡ ವಿದ್ಯಾರ್ಥಿಗೂ ಕಂದು ಕಾಗದವೊಂದು, ಮೂರು ಕಡ್ಡಿಗಳು ಸಿಕ್ಕರೆ ಭಾವಚಿತ್ರದ ಮೊದಲ ಪಾಠ ಸಾಧ್ಯ. ಕಾಗದವೇ ನಡುಬಣ್ಣ, ಕಪ್ಪು ನೆರಳು, ಬಿಳಿ ಬೆಳಕು, ಕೆಂಪು ರಕ್ತದ ಕಳೆ.

ಅಧ್ಯಾಪಕರು ವಿದ್ಯಾರ್ಥಿಯ ಕೈಯಿಂದ ಕುಂಚವನ್ನು ಕಸಿದು ತಾವೇ ತಿದ್ದುವ ಬದಲು, ಅವನನ್ನು ಮತ್ತೆ ಅಜ್ಜನ ಎದುರು ಕುಳ್ಳಿರಿಸಿ, 'ಈ ಕೆನ್ನೆಯ ಬಣ್ಣ ಆ ಹಣೆಯ ಬಣ್ಣವೇ?' ಎಂದು ಕೇಳುವುದು ಲೇಸು. ಹಾಗೆ ನಿಟ್ಟಿಸಿ ನೋಡಿದ ಬಾಲಕನಿಗೆ ಚಿತ್ರವು ಕೈಗೂಡುತ್ತದೆ. ಅದರೊಡನೆ ನಿತ್ಯವೂ ಕಾಣುವ ಹಿರಿಯರ ಮುಖದ ನಿಜವಾದ ಪರಿಚಯವೂ ಆಗುತ್ತದೆ.