ಕೆರಿಬಿಯನ್ ಕಡಲಿನಲ್ಲಿ ಮುಳುಗುವ ಮುನ್ನ

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಒಂದು ಪತ್ರ ಬಂದಿತು. ಅವನು ಈಗ ಅಮೆರಿಕೆಯಲ್ಲಿ ಉದ್ಯೋಗದಲ್ಲಿದ್ದಾನೆ. ಸ್ಕೂಬಾ ಸಾಧನವನ್ನು ಧರಿಸಿ ನೀರಿನೊಳಗೆ ಈಜುವ ವಿದ್ಯೆಯನ್ನು ಹೊಸದಾಗಿ ಕಲಿತು, ರಜೆಯ ಒಂದು ವಾರವನ್ನು ಕೆರಿಬಿಯನ್ ಸಮುದ್ರದಲ್ಲಿ ಕಳೆಯಲು ನಿಶ್ಚಯಿಸಿದ್ದನು. ಮುಳುಗುಗಾರರನ್ನು ದೋಣಿಯಲ್ಲಿ ಕರೆದೊಯ್ಯುವ ಸಂಸ್ಥೆಗಳು ಅಲ್ಲಿ ಹೇರಳವಾಗಿವೆ. ಎಲ್ಲರ ಚಿತ್ರಗಳೂ ಸುಂದರ, ಎಲ್ಲರ ಮಾತೂ ಮಧುರ. ಇವರಲ್ಲಿ ಯಾರನ್ನು ಆರಿಸುವುದು, ದರವನ್ನು ನೋಡಿ ಆರಿಸಿದರೆ ಸಾಲದೆ, ಎಂಬುದು ಅವನ ಪ್ರಶ್ನೆ.

ನಾನು ಆ ಕಡಲನ್ನು ಕಂಡವನಲ್ಲ. ಆದರೂ ಉತ್ತರ ಬರೆಯಲು ನನಗೆ ಸಂಕೋಚವಾಗಲಿಲ್ಲ. ಏಕೆಂದರೆ ಅವನಿಗೆ ಬೇಕಾದ ಉತ್ತರದ ಬಹುಭಾಗವು ಅವನೇ ಒಂದು ಕಾಲದಲ್ಲಿ ಪರೀಕ್ಷೆಗಾಗಿ ಕಂಠಪಾಠ ಮಾಡಿದ್ದ ಮೂರು ನಿಯಮಗಳಲ್ಲಿ ಅಡಗಿದೆ. ಅವು ಬಾಯ್ಲ್, ಡಾಲ್ಟನ್ ಮತ್ತು ಹೆನ್ರಿ ಎಂಬ ವಿಜ್ಞಾನಿಗಳ ಹೆಸರಿನಲ್ಲಿರುವ ಅನಿಲ ನಿಯಮಗಳು. ನೀರಿನೊಳಗೆ ಇವು ಪುಸ್ತಕದ ಮಾತುಗಳಲ್ಲ; ಪ್ರಾಣಕ್ಕೆ ಸಂಬಂಧಿಸಿದ ಮಾತುಗಳು.

ಬಾಯ್ಲನ ನಿಯಮ: ಗಾಳಿಯ ಲೆಕ್ಕ

ಸಮುದ್ರಮಟ್ಟದಲ್ಲಿ ನಮ್ಮ ಮೇಲಿರುವ ಗಾಳಿಯ ಒತ್ತಡವನ್ನು ಒಂದು ವಾತಾವರಣವೆಂದು ಎಣಿಸುತ್ತೇವೆ. ಕಡಲಿನಲ್ಲಿ ಸುಮಾರು 10 ಮೀಟರು ಕೆಳಗಿಳಿದರೆ ನೀರಿನ ಭಾರದಿಂದ ಅಷ್ಟೇ ಒತ್ತಡವು ಮತ್ತೊಮ್ಮೆ ಸೇರುತ್ತದೆ. ಆದುದರಿಂದ 10 ಮೀಟರು ಆಳದಲ್ಲಿ ಒತ್ತಡವು ಎರಡು ವಾತಾವರಣ, 30 ಮೀಟರಿನಲ್ಲಿ ನಾಲ್ಕು, 40 ಮೀಟರಿನಲ್ಲಿ ಐದು. ಉಷ್ಣತೆಯು ಬದಲಾಗದಿದ್ದರೆ ಅನಿಲದ ಗಾತ್ರವು ಒತ್ತಡಕ್ಕೆ ವಿಲೋಮವಾಗಿ ಕುಗ್ಗುವುದೆಂದು ರಾಬರ್ಟ್ ಬಾಯ್ಲನು 1662ರಲ್ಲಿ ಪ್ರಕಟಿಸಿದನು.

ಝಾಕ್ ಕೂಸ್ತೋ ಮತ್ತು ಎಮೀಲ್ ಗಾನ್ಯಾನ್ 1943ರಲ್ಲಿ ಫ್ರಾನ್ಸಿನಲ್ಲಿ ರೂಪಿಸಿದ ಉಸಿರಾಟದ ಸಾಧನವು ಮುಳುಗುಗಾರನಿಗೆ ಸುತ್ತಲಿನ ನೀರಿನ ಒತ್ತಡದಲ್ಲಿಯೇ ಗಾಳಿಯನ್ನು ಕೊಡುತ್ತದೆ. ಆಳ ಹೆಚ್ಚಿದಂತೆ ಒಂದೊಂದು ಉಸಿರಿನಲ್ಲಿಯೂ ಹೆಚ್ಚು ಗಾಳಿ ವ್ಯಯವಾಗುವುದು ಇದರಿಂದಲೇ. ಸಾಮಾನ್ಯ ಅಲ್ಯುಮಿನಿಯಂ ಸಿಲಿಂಡರಿನಲ್ಲಿ ಸುಮಾರು 2,200 ಲೀಟರು ಗಾಳಿಯನ್ನು ಅದುಮಿ ತುಂಬಿರುತ್ತಾರೆ. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರು ಬಳಸುವವನಿಗೆ ಅದು 110 ನಿಮಿಷಕ್ಕೆ ಸಾಕು. ಆದರೆ 40 ಮೀಟರು ಆಳದಲ್ಲಿ ಅದೇ ಮನುಷ್ಯನಿಗೆ 22 ನಿಮಿಷಕ್ಕೆ ಮುಗಿದುಹೋಗುತ್ತದೆ. ಭಯಪಟ್ಟು ಏದುಸಿರು ಬಿಟ್ಟನೆಂದರೆ ಇನ್ನೂ ಬೇಗ!

ಈಗ ಬೆಲೀಜ್ ದೇಶದ ಕರಾವಳಿಯಾಚೆ ಇರುವ ‘ಮಹಾ ನೀಲಿಕುಳಿ’ಯನ್ನು ನೋಡೋಣ. ಇದು ಸುಮಾರು 300 ಮೀಟರು ಅಗಲ, 120 ಮೀಟರಿಗೂ ಮಿಕ್ಕ ಆಳವುಳ್ಳ ದುಂಡನೆಯ ಕುಳಿ. ಹಿಮಯುಗದಲ್ಲಿ ಕಡಲಿನ ಮಟ್ಟ ಇಳಿದಿದ್ದಾಗ ಇದು ಒಣ ಗುಹೆಯಾಗಿದ್ದಿತೆಂಬುದಕ್ಕೆ ಅಲ್ಲಿ ತೂಗುತ್ತಿರುವ ಸುಣ್ಣದ ಕಂಬಗಳೇ ಸಾಕ್ಷಿ. ಅವುಗಳನ್ನು ನೋಡಬೇಕಾದರೆ 40 ಮೀಟರು ಸಮೀಪಕ್ಕೆ ಇಳಿಯಬೇಕು. ವಿನೋದಕ್ಕಾಗಿ ಮುಳುಗುವವರ ಪರಮಾವಧಿ ಮಿತಿಯೇ ಅದು. ಮೊದಲ ತರಗತಿಯ ಶಿಕ್ಷಣ ಪಡೆದವನಿಗಾದರೋ ಮಿತಿಯು 18 ಮೀಟರು. ಹೀಗಿರಲು, “ನೀವು ಇದುವರೆಗೆ ಎಷ್ಟು ಸಲ ಮುಳುಗಿದ್ದೀರಿ? ಎಷ್ಟು ಆಳಕ್ಕೆ?” ಎಂದು ಕೇಳದೆಯೇ ಹಣ ಪಡೆದು ಅಲ್ಲಿಗೆ ಕರೆದೊಯ್ಯಲು ಸಿದ್ಧವಾಗುವ ಸಂಸ್ಥೆಯ ವಿಷಯದಲ್ಲಿ ಏನು ಹೇಳಬೇಕು?

ಬಾಯ್ಲನ ನಿಯಮಕ್ಕೆ ಮತ್ತೊಂದು ಮುಖವುಂಟು. 10 ಮೀಟರು ಆಳದಲ್ಲಿ ಎದೆತುಂಬ ಉಸಿರೆಳೆದುಕೊಂಡು, ಅದನ್ನು ಬಿಡದೆ ಮೇಲಕ್ಕೆ ಬಂದರೆ ಆ ಗಾಳಿ ಇಮ್ಮಡಿಯಾಗಲು ಹವಣಿಸುತ್ತದೆ. ಶ್ವಾಸಕೋಶಗಳು ಅದನ್ನು ತಡೆಯಲಾರವು, ಹರಿದುಹೋಗುತ್ತವೆ. ಒಂದೆರಡು ಮೀಟರಿನ ಆಳದಲ್ಲಿಯೂ ಈ ಅಪಾಯವಿದೆ. ಗಾಬರಿಗೊಂಡವನು ಮಾಡುವ ಮೊದಲ ತಪ್ಪೇ ಉಸಿರು ಬಿಗಿಹಿಡಿದು ಮೇಲಕ್ಕೆ ನುಗ್ಗುವುದು. ಆದುದರಿಂದ ಒಬ್ಬ ಮಾರ್ಗದರ್ಶಿಯ ಹಿಂದೆ ಎಷ್ಟು ಜನರಿರುತ್ತಾರೆ ಎಂಬುದು ಕ್ಷುಲ್ಲಕ ಪ್ರಶ್ನೆಯಲ್ಲ. ನಾಲ್ಕು ಮಂದಿಯ ಕಣ್ಣುಗಳನ್ನು ಒಬ್ಬನು ಗಮನಿಸಬಲ್ಲನು. ಹನ್ನೆರಡು ಮಂದಿಯ ಕಣ್ಣುಗಳನ್ನು ಗಮನಿಸಲಾರನು.

ಡಾಲ್ಟನನ ನಿಯಮ: ಗಾಳಿಯ ಶುದ್ಧಿ

ಮಿಶ್ರಣದಲ್ಲಿರುವ ಒಂದೊಂದು ಅನಿಲವೂ ತಾನೊಂದೇ ಇದ್ದಂತೆ ತನ್ನ ಪಾಲಿನ ಒತ್ತಡವನ್ನು ಬೀರುವುದೆಂಬುದು 19ನೆಯ ಶತಮಾನದ ಆದಿಯಲ್ಲಿ ಜಾನ್ ಡಾಲ್ಟನನು ಕಂಡ ಸತ್ಯ. ನಮ್ಮ ದೇಹವು ಅನಿಲದ ಶೇಕಡಾ ಪ್ರಮಾಣವನ್ನು ಲೆಕ್ಕಿಸುವುದಿಲ್ಲ. ಈ ಪಾಲಿನ ಒತ್ತಡವನ್ನು ಲೆಕ್ಕಿಸುತ್ತದೆ. 30 ಮೀಟರಿನ ಕೆಳಗೆ ಸಾರಜನಕದ ಪಾಲು ಹೆಚ್ಚಿ ಮದ್ಯಪಾನ ಮಾಡಿದಂತಹ ಅಮಲನ್ನುಂಟುಮಾಡುವುದೂ ಇದರಿಂದಲೇ.

ಸಿಲಿಂಡರನ್ನು ತುಂಬುವ ಯಂತ್ರವು ಎಂಜಿನ್ನಿನ ಹೊಗೆಯ ಬಳಿ ನಿಂತು ಗಾಳಿಯನ್ನು ಸೆಳೆದರೆ, ವಾಸನೆಯಿಲ್ಲದ ವಿಷವಾದ ಇಂಗಾಲದ ಮಾನಾಕ್ಸೈಡ್ ಅದರೊಳಗೆ ಸೇರಬಹುದು. ಅಮೆರಿಕೆಯಲ್ಲಿ ಮುಳುಗುಗಾರರ ಗಾಳಿಗೆ ಸಾಮಾನ್ಯವಾಗಿ ಅನ್ವಯಿಸುವ ಮಾನಕದಂತೆ ಅದು ಹತ್ತು ಲಕ್ಷದಲ್ಲಿ 10 ಭಾಗವನ್ನು ಮೀರಕೂಡದು. ದಡದಲ್ಲಿ ಹತ್ತಾಗಿದ್ದದ್ದು 30 ಮೀಟರು ಆಳದಲ್ಲಿ ನಲವತ್ತರಂತೆ ವರ್ತಿಸುವುದಾದ್ದರಿಂದ ಈ ಕಟ್ಟುನಿಟ್ಟು. ಗಾಳಿಯನ್ನು ಕೊನೆಯ ಬಾರಿ ಪರೀಕ್ಷೆಗೆ ಕಳುಹಿಸಿದ್ದು ಯಾವಾಗ ಎಂದು ಕೇಳುವ ಹಕ್ಕು ಗಿರಾಕಿಗೆ ಉಂಟು. ಒಳ್ಳೆಯ ಸಂಸ್ಥೆಯು ಪರೀಕ್ಷೆಯ ಪತ್ರವನ್ನು ತೆಗೆದು ತೋರಿಸುತ್ತದೆ. ಕೆಟ್ಟದ್ದು ನಕ್ಕು ಮಾತು ತಪ್ಪಿಸುತ್ತದೆ.

ಆಮ್ಲಜನಕವನ್ನು ಶೇಕಡಾ 32ಕ್ಕೆ ಏರಿಸಿದ ‘ನೈಟ್ರಾಕ್ಸ್’ ಎಂಬ ಮಿಶ್ರಣವು ಈಗ ಎಲ್ಲೆಡೆಯೂ ಬಳಕೆಯಲ್ಲಿದೆ. ಸಾರಜನಕ ಕಡಿಮೆಯಾಗುವುದು ಅದರ ಲಾಭ. ಆದರೆ ಅದನ್ನು ಉಸಿರಾಡುತ್ತ ಸುಮಾರು 34 ಮೀಟರಿನ ಕೆಳಗಿಳಿದರೆ ಆಮ್ಲಜನಕದ ಪಾಲು 1.4 ವಾತಾವರಣವನ್ನು ಮೀರುತ್ತದೆ. ಹಾಗೆ ಮೀರಿದಷ್ಟೂ ಅಪಸ್ಮಾರದಂತಹ ಸೆಳೆತದ ಭಯ ಹೆಚ್ಚುತ್ತದೆ. ಆದುದರಿಂದ ಪ್ರತಿಯೊಬ್ಬನೂ ತನ್ನ ಸಿಲಿಂಡರಿನ ಮಿಶ್ರಣವನ್ನು ತಾನೇ ಅಳೆದು ನೋಡತಕ್ಕದ್ದು. ಅಳೆಯುವ ಉಪಕರಣವನ್ನು ಕೈಗೆ ಕೊಡದ ಕಡೆ ಈ ಮಿಶ್ರಣವನ್ನು ಮುಟ್ಟಬಾರದು.

ಹೆನ್ರಿಯ ನಿಯಮ: ಮೇಲೇರುವ ದಾರಿ

ಗೋಲಿ ಸೋಡಾವನ್ನು ಕಾಣದವರು ನಮ್ಮಲ್ಲಿ ವಿರಳ. ಗೋಲಿಯನ್ನು ಒಳಕ್ಕೆ ಒತ್ತಿದೊಡನೆ ಸ್ವಚ್ಛವಾಗಿದ್ದ ನೀರಿನಲ್ಲಿ ಸಾವಿರಾರು ಗುಳ್ಳೆಗಳು ಮೂಡುತ್ತವೆ. ದ್ರವದಲ್ಲಿ ಕರಗುವ ಅನಿಲದ ಮೊತ್ತವು ಅದರ ಮೇಲಿನ ಆ ಅನಿಲದ ಒತ್ತಡಕ್ಕೆ ಅನುಗುಣವಾಗಿರುವುದೆಂದು ವಿಲಿಯಂ ಹೆನ್ರಿಯು 1803ರಲ್ಲಿ ತೋರಿಸಿದನು. ಒತ್ತಡವು ಹಠಾತ್ತನೆ ಇಳಿದರೆ ಕರಗಿದ ಅನಿಲವು ಗುಳ್ಳೆಯಾಗಿ ಹೊರಬೀಳುತ್ತದೆ.

ಆಳದಲ್ಲಿ ಉಸಿರಾಡುವವನ ರಕ್ತದಲ್ಲಿಯೂ ಮಾಂಸಖಂಡಗಳಲ್ಲಿಯೂ ಸಾರಜನಕ ಹೀಗೆಯೇ ಕರಗುತ್ತದೆ. ಬೇಗನೆ ಮೇಲೆದ್ದರೆ ಅವನ ದೇಹವೇ ಬಿರಡೆ ತೆಗೆದ ಸೀಸೆಯಾಗುತ್ತದೆ! ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯನ್ನು ಕಟ್ಟುವಾಗ ನದಿಯ ತಳದಲ್ಲಿ ಒತ್ತಡದ ಗಾಳಿಯ ಪೆಟ್ಟಿಗೆಗಳೊಳಗೆ ದುಡಿದವರು ಕೀಲುನೋವಿನಿಂದ ಬಾಗಿ ನರಳಿದರು, ಕೆಲವರು ಸತ್ತರು. ಮುಖ್ಯ ಎಂಜಿನಿಯರನಾದ ವಾಷಿಂಗ್ಟನ್ ರೋಬ್ಲಿಂಗನೇ 1872ರಲ್ಲಿ ಈ ರೋಗಕ್ಕೆ ತುತ್ತಾದನು. ಸಾರಜನಕದ ಗುಳ್ಳೆಗಳೇ ಇದಕ್ಕೆ ಕಾರಣವೆಂದು ಫ್ರಾನ್ಸಿನ ಪಾಲ್ ಬೆರ್ 1878ರಲ್ಲಿ ಸಾರಿದನು. ಹಂತಹಂತವಾಗಿ ಮೇಲೇರುವ ಕ್ರಮವನ್ನು ಜೆ. ಎಸ್. ಹಾಲ್ಡೇನ್ ಮತ್ತು ಅವನ ಸಂಗಡಿಗರು ಆಡುಗಳ ಮೇಲೆ ಪ್ರಯೋಗ ನಡೆಸಿ 1908ರಲ್ಲಿ ಪ್ರಕಟಿಸಿದರು.

ಇಂದಿನ ಪದ್ಧತಿಯು ಆ ಕೆಲಸದ ಮುಂದುವರಿಕೆಯೇ. ನಿಮಿಷಕ್ಕೆ ಸುಮಾರು 9 ಮೀಟರಿಗಿಂತ ವೇಗವಾಗಿ ಏರಬಾರದು. 5 ಮೀಟರು ಆಳದಲ್ಲಿ ಮೂರು ನಿಮಿಷ ತಂಗಬೇಕು. ಇಷ್ಟಾದರೂ ಒಮ್ಮೊಮ್ಮೆ ರೋಗ ಬರುವುದುಂಟು. ಆಗ ಮೊದಲ ಚಿಕಿತ್ಸೆ ಶುದ್ಧ ಆಮ್ಲಜನಕ. ಶ್ವಾಸಕೋಶದಲ್ಲಿ ಸಾರಜನಕವೇ ಇಲ್ಲದಿದ್ದರೆ ದೇಹದೊಳಗಿನ ಸಾರಜನಕವು ಬೇಗ ಹೊರಹೋಗುವುದಷ್ಟೆ. ಬಳಿಕ ರೋಗಿಯನ್ನು ಒತ್ತಡದ ಕೋಣೆಯಲ್ಲಿಟ್ಟು ಚಿಕಿತ್ಸೆ ಮಾಡಬೇಕು. ಆದುದರಿಂದ ದೋಣಿಯಲ್ಲಿ ಆಮ್ಲಜನಕವಿದೆಯೆ, ಅದನ್ನು ಕೊಡಲು ಬಲ್ಲವರಿದ್ದಾರೆಯೆ, ಕೆಲಸ ಮಾಡುತ್ತಿರುವ ಹತ್ತಿರದ ಒತ್ತಡದ ಕೋಣೆ ಎಲ್ಲಿದೆ ಎಂದು ಮೊದಲೇ ಕೇಳಿ ತಿಳಿಯಬೇಕು. ಎಲ್ಲ ದ್ವೀಪಗಳಲ್ಲಿಯೂ ಅಂತಹ ಕೋಣೆಯಿಲ್ಲ.

ವಿಮಾನವನ್ನೂ ಮರೆಯಲಾಗದು. ಹಾರುವ ವಿಮಾನದೊಳಗಿನ ಒತ್ತಡವು ಮುಕ್ಕಾಲು ವಾತಾವರಣದವರೆಗೂ ಇಳಿಯುತ್ತದೆ. ಅಂದರೆ ವಿಮಾನವೇರುವುದೂ ಒಂದು ಬಗೆಯ ಮೇಲೇರುವಿಕೆಯೇ. ಸಾಮಾನ್ಯ ಮಿತಿಯೊಳಗೆ ಒಂದು ಸಲ ಮುಳುಗಿದವನು 12 ಗಂಟೆಯಾದರೂ, ಹಲವು ಸಲ ಮುಳುಗಿದವನು 18 ಗಂಟೆಯಾದರೂ ನೆಲದ ಮೇಲಿರಬೇಕೆಂದು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಲಹೆ ಮಾಡಿದೆ. ನಾಳೆ ಬೆಳಗ್ಗೆ ಹೊರಡುವವನಿಗೆ ಇಂದು ಸಂಜೆಯ ಪ್ರವಾಸವನ್ನು ಮಾರುವ ಸಂಸ್ಥೆಗೆ ಹೆನ್ರಿಯ ಪರಿಚಯವಿಲ್ಲವೆಂದೇ ತಿಳಿಯಬೇಕು.

ಕಡಲಿನ ಸ್ವಭಾವ

ಕೆರಿಬಿಯನ್ನಿನ ಎಲ್ಲ ನೀರೂ ಒಂದೇ ಅಲ್ಲ. ಮೆಕ್ಸಿಕೋದ ಕೊಝುಮೆಲ್ ದ್ವೀಪದಲ್ಲಿ ಪ್ರವಾಹ ಪ್ರಬಲ. ಮುಳುಗಿದವರು ಹವಳದ ಗೋಡೆಯ ಪಕ್ಕದಲ್ಲಿ ಅದರೊಡನೆ ತೇಲುತ್ತ ಸಾಗುತ್ತಾರೆ. ದೋಣಿಯು ಮೇಲೆ ಹಿಂಬಾಲಿಸುತ್ತದೆ. ಅಲ್ಲಿ ದೋಣಿಯವನ ಎಚ್ಚರವೇ ಮುಳುಗಿದವನ ರಕ್ಷೆ. ಇಳಿದವರೆಷ್ಟು, ಏರಿದವರೆಷ್ಟು ಎಂಬ ಎಣಿಕೆಯನ್ನು ಹೆಸರು ಹಿಡಿದು ಮಾಡಬೇಕು. 1998ರಲ್ಲಿ ಆಸ್ಟ್ರೇಲಿಯದ ಮಹಾ ಹವಳದಿಬ್ಬದ ಬಳಿ ಎಣಿಕೆ ತಪ್ಪಿದ ದೋಣಿಯೊಂದು ಇಬ್ಬರನ್ನು ಕಡಲಿನಲ್ಲಿಯೇ ಬಿಟ್ಟು ಹಿಂದಿರುಗಿತು. ಅವರು ಮತ್ತೆ ಸಿಕ್ಕಲಿಲ್ಲ.

ಬೊನೇರ್ ದ್ವೀಪದ ಪಶ್ಚಿಮ ತೀರವಾದರೋ ಶಾಂತ. ದಡದಿಂದಲೇ ನಡೆದು ನೀರಿಗಿಳಿಯಬಹುದು. ಅಲ್ಲಿ 1979ರಲ್ಲಿಯೇ ಸಮುದ್ರ ಉದ್ಯಾನವು ಸ್ಥಾಪಿತವಾಯಿತು. ಹವಳದ ಮೇಲೆ ಲಂಗರು ಎಸೆಯುವುದಕ್ಕೆ ನಿಷೇಧವಿದೆ. ದೋಣಿಗಳನ್ನು ತೇಲುಬುರುಡೆಗಳಿಗೆ ಕಟ್ಟುತ್ತಾರೆ. ಹವಳವನ್ನು ಕೊಲ್ಲುವ ಅಂಟುರೋಗವೊಂದು 2014ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡು, 2018ರಲ್ಲಿ ಮೆಕ್ಸಿಕೋದ ತೀರವನ್ನೂ 2023ರಲ್ಲಿ ಬೊನೇರನ್ನೂ ಮುಟ್ಟಿತು. ಸಾಧನಗಳನ್ನು ತೊಳೆದು ಶುದ್ಧಿಮಾಡಿಸುವ, ಹವಳವನ್ನು ಮುಟ್ಟಗೊಡದ ಸಂಸ್ಥೆಯನ್ನೇ ಆರಿಸುವುದು ಆ ಕಡಲಿಗೂ ಉಪಕಾರ. ಅತಿಥಿಯ ಕಾಲಡಿಯ ಹವಳವನ್ನು ಕಾಯುವವನು ಅತಿಥಿಯನ್ನೂ ಕಾಯುವನೆಂದು ನಂಬಲು ಅಡ್ಡಿಯಿಲ್ಲ.

ಬೇಡವೆನ್ನುವವನು

ಇಷ್ಟನ್ನೂ ಬರೆದು ಕೊನೆಯಲ್ಲಿ ಒಂದು ಮಾತನ್ನು ಸೇರಿಸಿದೆ: “ನನ್ನನ್ನು ಎಲ್ಲಿಗೆ ಕರೆದೊಯ್ಯುತ್ತೀರಿ ಎಂದು ಕೇಳಬೇಡ. ಯಾವಾಗ ಕರೆದೊಯ್ಯುವುದಿಲ್ಲ ಎಂದು ಕೇಳು.”

ತಿಂಗಳ ಮೇಲೆ ಅವನ ಉತ್ತರ ಬಂದಿತು. ಒಂದು ಸಂಸ್ಥೆಯು ಮರುದಿನವೇ ನೀಲಿಕುಳಿಗೆ ಬರಲು ಆಹ್ವಾನಿಸಿತ್ತು. ಇನ್ನೊಂದು ಅವನ ದಿನಚರಿಯನ್ನು ತರಿಸಿಕೊಂಡು ನೋಡಿ, “ನೀವು ಮುಳುಗಿರುವುದು ಆರೇ ಸಲ, ಈ ವರ್ಷ ಬೇಡ, ಹನ್ನೆರಡು ಮೀಟರಿನ ಹವಳದಿಬ್ಬವನ್ನು ತೋರಿಸುತ್ತೇವೆ” ಎಂದಿತು. ದರವೂ ತುಸು ಹೆಚ್ಚು. ಅವನು ಎರಡನೆಯದನ್ನು ಆರಿಸಿಕೊಂಡನು. ಕಡಲಾಮೆಯೊಂದು ಅವನ ಪಕ್ಕದಲ್ಲಿಯೇ ಬಹಳ ಹೊತ್ತು ಈಜಿತಂತೆ. ಆಳ ಕಡಿಮೆಯಾಗಿದ್ದುದರಿಂದ ಅದನ್ನು ನೋಡುತ್ತಿರಲು ಅವನ ಸಿಲಿಂಡರಿನಲ್ಲಿ ಗಾಳಿಯೂ ಬೇಕಾದಷ್ಟಿತ್ತು.

ನಮ್ಮ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೂ ಇಂದು ಇಂತಹ ದೋಣಿಗಳು ಹೋಗುತ್ತವೆ. ಅಲ್ಲಿಯೂ ಹತ್ತು ಮೀಟರಿಗೆ ಒಂದು ವಾತಾವರಣವೇ. ವಾಚಕರು ಎಂದಾದರೂ ಆ ದೋಣಿಯನ್ನೇರುವುದಾದರೆ ಇವೇ ಪ್ರಶ್ನೆಗಳನ್ನು ಕೇಳಲು ನಾಚಬೇಕಾಗಿಲ್ಲ.